ಭೋಂಗಾಕ್ಕೂ ಸಪ್ಪಳಕ್ಕೂ ನಡುವೆ

“ಮತ್ತ ಸತ್ತಿ!” ಎಂದು ನಂದಕಿಶೋರ ಕಾಕಾ ತೊಡೆ ತಟ್ಟಿ ನಕ್ಕ. ಟೀವಿಗೆ ಹಚ್ಚಿದ ವಿಡಿಯೋ ಗೇಮಿನಲ್ಲಿ ರಂಜನಾಳ ಕೆಂಪು ಪೈಲ್ವಾನ ಕತ್ತಿ ಸಮೇತ ಅಂಗಾತ ಬಿದ್ದಿದ್ದ. ಕಾಕಾನ ನೀಲಿ ಪೈಲ್ವಾನ ಗುರಾಣಿ ಹಿಡಿದು ಎದೆ ಸೆಟೆಸಿ ನಿಂತಿದ್ದ.

ರಂಜನಾ ಆಟದ ರಿಮೋಟನ್ನು ಚಾಪೆಯ ಮೇಲೆ ಕುಕ್ಕಿದಳು. ಅಳು ಬರುವಷ್ಟು ಸಿಟ್ಟು. ಬರೀ ಆಟವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಪಂಥ ಕಟ್ಟಿದ್ದರಲ್ಲ! ಆಕೆ ಗೆದ್ದರೆ, ದಿನಾ ಶಹಾಬಾದಿನಿಂದ ರೈಲಿನಲ್ಲಿ ಗುಲ್ಬರ್ಗಾಕ್ಕೆ ಹೋಗಿ ಕಂಪ್ಯೂಟರ್ ಕಲಿಯುವುದಕ್ಕೆ ಕಾಕಾ ಅಜ್ಜಿಯನ್ನು ಒಪ್ಪಿಸಬೇಕು. ಲಕ್ಷ್ಮೀಬಾಯಿ ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಹೆಸರು ಹಚ್ಚಲು ಈ ವಾರವೇ ಕೊನೆ.

“ನಿನ್ನ ಕೈ ಅವಸರ ಭಾಳ,” ಎಂದ ಕಾಕಾ. ಗೆದ್ದವನಿಗೆ ಉಪದೇಶ ಮಾಡುವ ಚಪಲ ಬೇರೆ. “ಬಟನ್ ಒತ್ತಿ ಹಿಡದ್ರ ಕತ್ತಿ ಮ್ಯಾಲ ನಿಂದರ್ತದ, ಬಿಟ್ರ ಬೀಳ್ತದ. ನೀ ಎತ್ತಿದ ಕೂಡ್ಲೆ ಬಿಡ್ತಿ. ನನ್ನ ಢಾಲಿಗೆ ಠಣ್ ಅಂತ ಬಡೀತದ, ನಿನ್ನ ಪೈಲ್ವಾನ ಜೋಲಿ ಹೊಡೀತಾನ, ಅಷ್ಟರಾಗ ನಾ ಹೊಡೀತೀನಿ.”

“ಮತ್ತೇನು ಮಾಡ್ಲಿ?”

“ಎತ್ತು, ಹೊಡೀಬ್ಯಾಡ. ಮುಂದಿನಾವ ಎಷ್ಟೊತ್ತು ಢಾಲು ಹಿಡದು ನಿಂದರ್ತಾನ? ಇಳಸ್ತಾನಲ್ಲ, ಆಗ ಬಿಡು. ಶಾಣ್ಯಾತನ ಹೊಡಿಯೋದರಾಗ ಇಲ್ಲ, ತಡಿಯೋದರಾಗ ಅದ.”

ಹೇಳುವುದು ಸುಲಭ. ಹೆಬ್ಬೆರಳು ಮಾತು ಕೇಳಬೇಕಲ್ಲ! ತಡಿ, ತಡಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ರಂಜನಾ ಬಟನ್ ಬಿಟ್ಟುಬಿಡುತ್ತಿದ್ದಳು. ಸೋತು ಸೋತು, ಕಡೆಗೆ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸುವುದು ಕೈಗೆ ಹತ್ತಿತು. ಆದರೆ ಕಾಕಾನ ಢಾಲೇ ಇಳಿಯಲೊಲ್ಲದು.

ಅಷ್ಟರಲ್ಲಿ ಕಲ್ಲಿನ ಖಣಿಯ ಭೋಂಗಾ ಕೂಗಿತು. ಭೋಂಗಾ ಆಯಿತೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಮದ್ದು ಸಿಡಿಯುತ್ತದೆ, ಮನೆಯೆಲ್ಲ ನಡುಗುತ್ತದೆ. ಅಷ್ಟರೊಳಗೆ ಎಲ್ಲರೂ ತಮ್ಮ ತಮ್ಮ ಪಾಲಿನ ಸಾಮಾನು ಹಿಡಿದು ನಿಲ್ಲಬೇಕು. ಉಪ್ಪಿನಕಾಯಿ ಭರಣಿ ಅಜ್ಜಿಯ ಪಾಲು, ಸ್ಟೂಲಿನ ಮೇಲಿನ ಟೀವಿ ಕಾಕಾನ ಪಾಲು. ಗೋಡೆ ಗಡಿಯಾರ ಅಜ್ಜನ ಪಾಲಾಗಿತ್ತು. ಅವರು ಹೋದ ಮೇಲೆ ಅದಕ್ಕೆ ತಂತಿ ಬಿಗಿದಿದ್ದರು.

ರಂಜನಾ ಕತ್ತಿ ಎತ್ತಿ ಹಿಡಿದಳು.

“ಹೊಡಿಯೇ ಲಗೂನ!” ಕಾಕಾನ ಒಂದು ಕಣ್ಣು ಸ್ಟೂಲಿನ ಮೇಲಿತ್ತು.

“ನೀನಽ ಹೇಳಿದಿಯಲ್ಲ ಕಾಕಾ, ತಡಿ ಅಂತ.”

ಕಾಕಾ ಬೆವರಿದ. ಇನ್ನು ತಡೆಯಲಾಗಲಿಲ್ಲ. ರಿಮೋಟ್ ಬಿಸಾಕಿ ಓಡಿಹೋಗಿ ಟೀವಿಯನ್ನು ಎರಡೂ ಕೈಯಿಂದ ಹಿಡಿದ. ನೀಲಿ ಪೈಲ್ವಾನನ ಢಾಲು ಇಳಿಯಿತು. ರಂಜನಾ ಹೆಬ್ಬೆರಳು ಬಿಟ್ಟಳು. ಪೈಲ್ವಾನ ಬಿದ್ದ. ಆಮೇಲೆ ಧಡ್ ಎಂದಿತು ಖಣಿ, ಕಿಟಕಿಗಳೆಲ್ಲ ಗಡಗಡ ಎಂದವು.

“ಇದು ಮೋಸ!”

“ಢಾಲು ಇಳಿಸಿದಾವ ನೀನು!” ರಂಜನಾ ಚಾಪೆಯ ಮೇಲೆ ಕುಣಿದಳು.

ಗೆದ್ದದ್ದೇನೋ ಆಯಿತು. ಅಜ್ಜಿಯ ಮುಂದೆ ಕಾಕಾನ ಬಾಯಿಯೇ ಏಳಲಿಲ್ಲ. ಇವತ್ತು ಏಕಾದಶಿ, ಉಪವಾಸದಲ್ಲಿ ಅವ್ವನಿಗೆ ಸಿಟ್ಟು ಜಾಸ್ತಿ ಎಂದ. ಮರುದಿನ, ಪಾರಣೆಯಾಗಿ ಈಗಷ್ಟೇ ಎದ್ದಿದ್ದಾಳೆ ಎಂದ. ಅಡಿಗೆಮನೆ ಬಾಗಿಲವರೆಗೆ ಹೋಗಿ ನೀರು ಕುಡಿದು ವಾಪಸು ಬಂದ. ಪಾಪ, ಎಷ್ಟು ನೀರು ಕುಡಿದಾನು?

ಆಗ ಭೋಂಗಾ ಕೂಗಿತು. ರಂಜನಾ ಜಿಗಿದು ಟೀವಿ ಹಿಡಿದಳು. “ಇದನ್ನ ನಾ ಹಿಡೀತೀನಿ. ನೀ ಹೋಗು ಕಾಕಾ, ಈಗ!”

ಅಡಿಗೆಮನೆಯಲ್ಲಿ ಅಜ್ಜಿ ಭರಣಿಯನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ ‘ನರಸಿಂಹ, ನರಸಿಂಹ’ ಎನ್ನುತ್ತಿದ್ದಳು. ಮದ್ದು ಸಿಡಿಯುವವರೆಗೆ ಬೇರೆ ಮಾತಾಡುವ ರೂಢಿ ಈಗೀಗ ಆಕೆಗಿಲ್ಲ. ಕಾಕಾ ಗುಲ್ಬರ್ಗಾ, ರೈಲು, ಕಂಪ್ಯೂಟರು ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟ. ಧಡ್!

ಅಜ್ಜಿ ಕಣ್ಣು ತೆರೆದಳು. ಭರಣಿಯನ್ನು ಜಾಗಕ್ಕಿಟ್ಟು ಸೆರಗಿನಿಂದ ಮುಚ್ಚಳ ಒರೆಸಿದಳು.

“ಹೋಗ್ಲಿ. ಡಬ್ಬಿ ನಾ ಕಟ್ಟಿಕೊಡ್ತೀನಿ.”

ಹೊರಗೆ ರಂಜನಾ ಕಿರುಚಿದ್ದು ಕೇಳಿಸಿತು. ಕಾಕಾ ಮಾತ್ರ ನಂಬಲಾಗದೆ ಅಲ್ಲೇ ನಿಂತಿದ್ದ.

“ಏನು ಬಾಯಿ ತಕ್ಕೊಂಡು ನಿಂತೀದಿ?” ಎಂದಳು ಅಜ್ಜಿ. “ನಿನ್ನ ಹೈದರಾಬಾದಿಗೆ ಓದ್ಲಿಕ್ಕೆ ಕಳಸ್ರಿ ಅಂತ ನಿಮ್ಮಪ್ಪಗ ನಾ ಯಾವಾಗ ಕೇಳಿದ್ದೆ, ಗೊತ್ತದ ಏನು? ಭೋಂಗಾ ಕೂಗಿ, ಅವ್ರು ಆ ಗಡಿಯಾರ ತಬ್ಬಿಕೊಂಡು ನಿಂತಾಗ.”