ಕೆಂಪು ರಬ್ಬರ್ ಬ್ಯಾಂಡ್

ರಾಕೆಟ್ಟು ಸುಂಯ್ಯೆಂದು ನೆಲ ಬಿಟ್ಟ ಮೇಲೆ ಮಿಲುಂಕಾ ಟೀಚರಿಗೆ ರಬ್ಬರ್ ಬ್ಯಾಂಡಿನ ನೆನಪಾಯಿತು. ಪ್ಯಾರಾಚೂಟಿನ ಮಡಿಕೆ ಬಿಚ್ಚಿಕೊಳ್ಳದಿರಲೆಂದು ನಿನ್ನೆ ತಾನೇ ಹಾಕಿಟ್ಟದ್ದು. ರಾಕೆಟ್ಟಿನ ಕೊಳವೆಯೊಳಗೆ ತುರುಕುವ ಮುಂಚೆ ಅದನ್ನು ತೆಗೆಯಬೇಕು. ತೆಗೆದೆನೆ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ತೆಗೆಯದಿದ್ದರೆ ಪ್ಯಾರಾಚೂಟು ಅರಳುವುದಿಲ್ಲ. ಎರಡನೇ ಕ್ಲಾಸಿನ ಯಾಗೊದಾ ಚಳಿಗಾಲವಿಡೀ ಅಂಟಿಸಿ, ಉಜ್ಜಿ, ಬಣ್ಣ ಬಳಿದ ರಾಕೆಟ್ಟು ಕಲ್ಲಿನಂತೆ ಬಂದು ಬೀಳುತ್ತದೆ.

ಹೊಲದ ಯಜಮಾನ, ಮುದುಕ ರಾದೊಯೆ, ಹಾರಿಸುವ ಮುಂಚೆಯೇ ಎಚ್ಚರಿಸಿದ್ದ. "ನೋಡಮ್ಮ ಟೀಚರಮ್ಮ, ಹೋದ ವರ್ಷದ ಥರ ಈ ಸಲವೂ ನನ್ನ ಜೇನುಪೆಟ್ಟಿಗೆ ಮೇಲೆ ಬಿತ್ತೋ, ಈ ಹೊಲಕ್ಕೆ ಮತ್ತೆ ಕಾಲಿಡೋ ಹಾಗಿಲ್ಲ. ನಿಮ್ಮ ಕೋಳಿಗೂಡಿನ ಮೇಲೆ ಹತ್ತಿ ಹಾರಿಸ್ಕೊಳ್ಳಿ. ಆ ಹುಳುಗಳಿಗೆ ಇನ್ನೂ ನನ್ನ ಮುಖ ಕಂಡ್ರೆ ಸಿಟ್ಟು."

"ಸುಮ್ನಿರು ತಾತ," ಎಂದಿದ್ದಳು ಯಾಗೊದಾ. "ನಂದು ಬೀಳಲ್ಲ, ಇಳಿಯತ್ತೆ."

ಈಗ ಸುಂಯ್ಗುಡುವಿಕೆ ನಿಂತಿತ್ತು. ಪ್ಲಮ್ ಮರಗಳ ಮೇಲೆ ರಾಕೆಟ್ಟು ಬೆಂಕಿಕಡ್ಡಿಯಷ್ಟಾಗಿತ್ತು. ಬೀಳುವುದನ್ನು ನೋಡಲಾರದೆ ಮಿಲುಂಕಾ ಮುಖ ಕೆಳಗಿಳಿಸಿದಳು. ಪಕ್ಕದಲ್ಲಿ ಯಾಗೊದಾ ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸ್ವೆಟರಿನ ತೋಳು ಮೊಣಕೈವರೆಗೆ ಜಾರಿತ್ತು. ಮಣಿಕಟ್ಟಿನಲ್ಲಿ, ಬಳೆಯ ಹಾಗೆ, ಅದೇ ಕೆಂಪು ರಬ್ಬರ್ ಬ್ಯಾಂಡ್.

"ನೀವು ಮರ್ತಿದ್ರಿ, ನಾನೇ ತೆಗ್ದೆ," ಎಂದಳು ಹುಡುಗಿ. "ಅಯ್ಯೋ ಟೀಚರ್, ನನ್ನ ಕೈ ಏನು ನೋಡ್ತೀರಿ? ಮೇಲೆ ನೋಡಿ!"

ಮೇಲೆ ಪ್ಯಾರಾಚೂಟು ಪಟ್ಟೆಂದು ಅರಳುವ ಮೊದಲೇ ಮಿಲುಂಕಾ ಬಿಗಿಹಿಡಿದ ಉಸಿರು ಬಿಟ್ಟಿದ್ದಳು.