ಡಾರ್ಕಸ್ ಸುಟ್ಟ ಪಟಗಳು

ಕಾನ್‌ಸ್ಟೇಬಲ್ ಟಾಲಿವರ್ ಸಿಗರೇಟ್ ಪೊಟ್ಟಣ ಒಡೆದು, ಕಂಪನಿಯವರು ಪ್ರತಿ ಪೊಟ್ಟಣದಲ್ಲೂ ಉಚಿತವಾಗಿ ಇಡುತ್ತಿದ್ದ ಬೇಸ್‌ಬಾಲ್ ಆಟಗಾರನ ಪಟವನ್ನು ಬೆಳಕಿಗೆ ಹಿಡಿದ. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಅಂಗಡಿಗೆ ಬಂದ ಕರಿಯ ಹೆಂಗಸು ಡಾರ್ಕಸ್ ಬಾಗಿಲಲ್ಲೇ ನಿಂತಳು.

"ಚೆಂಡನ್ನ ದಾರಕ್ಕೆ ಕಟ್ಟಿ, ಹೊಡೆಯೋ ಹಾಗೆ ನಿಲ್ಲಿಸಿದ್ದಾರೆ," ಎಂದು ಟಾಲಿವರ್ ನಕ್ಕ. ಕೆಳಗಿನ ಹೆಸರು ಓದಿದ. "ಜೇಮ್ಸ್ ಕಾರ್ವೆಲ್, ಬಾಸ್ಟನ್."

"ಇವಳಿಗೆ ಕೊಟ್ಟುಬಿಡಿ," ಎಂದ ಅಂಗಡಿಯ ಪ್ರೂಯಿಟ್. "ಬಟ್ಟೆ ಒಗೆದಿದ್ದಕ್ಕೆ ಕಾಸು ಬೇಡ, ಕಾರ್ವೆಲ್ ಪಟ ಬಂದ್ರೆ ಎತ್ತಿಡಿ ಅಂತಾಳೆ. ತಗೊಂಡುಹೋಗಿ ಒಲೆಗೆ ಹಾಕ್ತಾಳೆ."

"ಏನು ಮಾಡಿದನೇ ಅವನು ನಿನಗೆ?" ಎಂದು ಟಾಲಿವರ್ ಡಾರ್ಕಸಳನ್ನು ಕೇಳಿದ.

"ರಿಚ್ಮಂಡಿನ ಹೋಟೆಲಿನಲ್ಲಿ ಅವನ ಬಟ್ಟೆ ಒಗೀತಿದ್ದೆ ದೊರೆ. ಎಷ್ಟು ಒಗೆದೆನೋ ಲೆಕ್ಕ ಇಲ್ಲ. ಕಾಸೂ ಕೊಡದೆ, ತಿರುಗಿ ನೋಡದೆ ಹೋದ."

ಟಾಲಿವರ್ ನಗಲಿಲ್ಲ. ಪಟವನ್ನೇ ದಿಟ್ಟಿಸಿದ. "ಈ ಗದ್ದ ಎಲ್ಲೋ ನೋಡಿದ್ದೀನಿ. ಈ ಊರಲ್ಲೇ."

"ಬಿಳಿಯರ ಮುಖ ನನಗೆ ಎಲ್ಲಾ ಒಂದೇ ಥರ ದೊರೆ."

"ನೆನಪಾಗೋವರೆಗೂ ನನ್ನ ಹತ್ತಿರ ಇರಲಿ." ಪಟ ಅಂಗಿಯ ಜೇಬು ಸೇರಿತು.

ಟಾಲಿವರನ ಮನೆಯ ಬಟ್ಟೆಯನ್ನೂ ಒಗೆಯುತ್ತಿದ್ದವಳು ಡಾರ್ಕಸ್. ಸೋಮವಾರ ಅವನ ಹೆಂಡತಿ ಕೊಟ್ಟ ಗಂಟಿನಲ್ಲಿ ಅದೇ ಅಂಗಿ ಇತ್ತು, ಜೇಬಿನಲ್ಲಿ ಪಟವೂ. ಡಾರ್ಕಸ್ ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಜೇಬು ನೋಡಲಿಲ್ಲ ದೊರೆ," ಎಂದಳು ಅಂಗಿ ಹಿಂತಿರುಗಿಸುವಾಗ. "ಕುದಿಯೋ ನೀರಲ್ಲಿ ಕರಗಿಹೋಯ್ತು."

ಟಾಲಿವರ್ ಕೆನ್ನೆಗೆ ಬಾರಿಸಿದ. ಬಾಯಲ್ಲಿ ರಕ್ತದ ರುಚಿ ಬಂತು. ಡಾರ್ಕಸ್ ತಲೆ ತಗ್ಗಿಸಿ ತಪ್ಪಾಯಿತೆಂದಳು.

"ಹಾಳಾಗಿ ಹೋಗು. ಈಗ ಆ ಮುಖವೂ ಸರಿಯಾಗಿ ನೆನಪಿಲ್ಲ," ಎಂದು ಅವನು ಗೊಣಗಿದ.

ದಾರಿಯಲ್ಲಿ ಪ್ರೂಯಿಟ್ ಕೂಗಿ ಕರೆದ. ಸಿಗರೇಟ್ ಕಂಪನಿಯವರು ಆಟಗಾರರನ್ನು ಬಿಟ್ಟು ಇನ್ನು ಮುಂದೆ ಹಕ್ಕಿಗಳ ಚಿತ್ರ ಹಾಕುತ್ತಾರಂತೆ. "ಇನ್ನು ನಿನಗೆ ಸುಡೋಕೆ ಯಾರೂ ಸಿಗಲ್ಲ. ಸೇಡು ತೀರಿತಾ?"

"ತೀರಿತು ದೊರೆ."

ಮನೆಗೆ ಬಂದು ಬಾಗಿಲು ಹಾಕಿ ಡಾರ್ಕಸ್ ಒಲೆಯ ಮುಂದೆ ಕುಳಿತಳು. ಹೊದ್ದ ಶಾಲಿನ ತುದಿಯಿಂದ ಪಟವನ್ನು ಒರೆಸಿದಳು. ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಕೆಂಡದ ಮೇಲಿಟ್ಟಳು. ಮೊದಲು ಮೂಲೆ ಸುರುಟಿತು, ಆಮೇಲೆ ಚೆಂಡು, ಕೊನೆಗೆ ಮುಖ.

ಬೆಳ್ಳಗೆ ಹುಟ್ಟಿ, ಬಿಳಿಯನೆಂದು ಹೇಳಿಕೊಂಡು ಬದುಕಲು ಉತ್ತರದ ರೈಲು ಹತ್ತಿದ ಮಗನ ಬೇರೊಂದು ಪಟ ಅವಳ ಬಳಿ ಇರಲಿಲ್ಲ.