ಎಮ್ಮೆಯೋ, ದೊಡ್ಡ ಸೆಟ್ಟೋ

"ಎಮ್ಮಿ ಮಾರೂದು ಪಕ್ಕಾ!" ಎನ್ನುತ್ತಲೇ ಹುಚ್ಚಪ್ಪ ಕುಂದಗೋಳದ ದಾವೂದಸಾಬನ ರೇಡಿಯೋ ಅಂಗಡಿ ಹೊಕ್ಕ. ಹಿಂದೆ ಮುಖ ಊದಿಸಿಕೊಂಡು ಹೆಂಡತಿ ಫಕೀರವ್ವ. ಅವಳ ದನಿ ಕೇಳದೆ ಹಾಲಿಳಿಸದ ಎಮ್ಮೆ ಅದು. ಒಂದು ಟೇಪ್‌ರೆಕಾರ್ಡರಿಗಾಗಿ ಅದು ಮನೆ ಬಿಡಬೇಕಿತ್ತು.

ಮೊರಬದ ಬೀಗರ ಮನೆಯಲ್ಲಿ ಎರಡು ಸ್ಪೀಕರಿನ ದೊಡ್ಡ ಟೇಪ್ ಸೆಟ್ಟು ಕಂಡಾಗಿನಿಂದ ಹುಚ್ಚಪ್ಪನದು ಒಂದೇ ತಕರಾರು. "ಮದುವಿಯಾಗಿ ಹನ್ನೆರಡ ವರ್ಷಾತು. ಮನ್ಯಾಗ ಒಂದ ಹಾಡಿನ ಸಪ್ಪಳಿಲ್ಲ!"

ಆ ಹುಚ್ಚಿಗೆ ಗಾಳಿ ಹಾಕಿದವನು ಜೊತೆಗೆ ಬಂದಿದ್ದ ಅಂದಾನೆಪ್ಪ. ಊರಿಗೆಲ್ಲ ಸಂಗೀತದ ಸಲಹೆ ಕೊಡುವ ಈ ಪಂಡಿತನ ಮನೆಯಲ್ಲಿ ಒಂದು ರೇಡಿಯೋ ಕೂಡ ಇರಲಿಲ್ಲ.

"ಮೊದಲನೇ ಸಲ ತಗೊಳ್ಳೋರು ಸಣ್ಣದು ತಗೋಬೇಕ್ರಿ," ಎಂದ ದಾವೂದಸಾಬ. "ಸೆಲ್ ಮ್ಯಾಲ ನಡೀತೈತಿ. ಎಮ್ಮಿನೂ ಉಳೀತೈತಿ."

"ತಗಡಿನ ಡಬ್ಬಿ ಕೇಳಿ ಕಿವಿ ಕೆಟ್ಟರ ನೀ ರಿಪೇರಿ ಮಾಡ್ತಿಯೇನು?" ಅಂದಾನೆಪ್ಪ ಗುಡುಗಿದ. "ಶುರು ಮಾಡಿದ್ರ ಎರಡು ಸ್ಪೀಕರಿನ ಸೆಟ್ಟಿನಿಂದನ ಮಾಡಬೇಕು!"

"ಹಂಗಾರ ಕಣ್ಣಿಲೆ ಬ್ಯಾಡ, ಕಿವೀಲೆ ಆರಸ್ರಿ. ಎರಡೂ ಪರದೆ ಹಿಂದ ಹಚ್ಚತೀನಿ," ಎಂದ ದಾವೂದಸಾಬ.

ನೀರು ಕುಡಿದು ಬರುತ್ತೇನೆಂದು ಫಕೀರವ್ವ ಒಳಗೆ, ದಾವೂದಸಾಬನ ಹೆಂಡತಿ ಮಲಿಕಾಬಿಯ ಬಳಿ ಹೋದಳು. ಪಕ್ಕದ ಹಿಟ್ಟಿನ ಗಿರಣಿ ಸುಮ್ಮನಿತ್ತು. ಅಂದಾನೆಪ್ಪ ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ, "ಗಿರಣಿ ಗದ್ದಲಿಲ್ಲ. ಕೇಳಾಕ ಅಗದಿ ಚಲೋ ಹೊತ್ತು," ಎಂದ.

ಪರದೆಯ ಹಿಂದೆ ಒಂದು ಬೀಸುವ ಹಾಡು ಗೊರಗೊರ ಎಂದಿತು. ಅಂದಾನೆಪ್ಪ ಮೂಗು ಮುರಿದ. "ಇದು ಸಣ್ಣದು."

ಸ್ವಲ್ಪ ಹೊತ್ತಿಗೆ ಅದೇ ಹಾಡು ಮತ್ತೆ ಬಂತು. ಈ ಸಲ ಹೆಣ್ಣುದನಿ ಅಂಗಡಿ ತುಂಬಿತು. ಉಸಿರೆಳೆದುಕೊಂಡದ್ದೂ ಕೇಳಿಸಿತು, ಜೊತೆಗೆ ಗಟ್ಟಿ ತಾಳ. ಹುಚ್ಚಪ್ಪನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇದಿಲ್ಲದೆ ಬದುಕಿದ್ದಕ್ಕೆ ಅವನಿಗೆ ನಿಜಕ್ಕೂ ದುಃಖವಾಯಿತು.

"ಇದ ನೋಡು ದೊಡ್ಡದು!" ಅಂದಾನೆಪ್ಪ ತೊಡೆ ತಟ್ಟಿದ. "ಅಗದಿ ಬಾಜು ಕುಂತು ಹಾಡಿದಂಗೈತಿ. ಇಂಥಾ ದನಿ ನಿನ್ನ ಮನ್ಯಾಗ ಎಂದರ ಕೇಳಿಯೇನೋ?"

"ಎಲ್ಲೀದು ಯಪ್ಪಾ!" ಹುಚ್ಚಪ್ಪ ಎದ್ದು ನಿಂತ. "ಸಾಬರ, ಎಮ್ಮಿ ಹೋದರ ಹೋಗ್ಲಿ. ಇದನ್ನ ಕಟ್ಟಿ ಕೊಡ್ರಿ."

"ನಾ ಏನ ಕಟ್ಟಿ ಕೊಡ್ಲಿ? ಹನ್ನೆರಡ ವರ್ಷದ ಹಿಂದ ನೀವ ಕಟಗೊಂಡೀರಲ್ಲ," ಎಂದು ದಾವೂದಸಾಬ ಪರದೆ ಸರಿಸಿದ.

ಮುಂಜಾನೆಯಿಂದ ಕರೆಂಟಿಲ್ಲದೆ ಸುಮ್ಮನೆ ಕೂತಿದ್ದ ದೊಡ್ಡ ಸೆಟ್ಟಿನ ಪಕ್ಕದಲ್ಲಿ, ಮಲಿಕಾಬಿಯ ಕೊಡವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ಎಮ್ಮೆಗೆ ಮಾತ್ರ ಪರಿಚಯವಿದ್ದ ದನಿಯ ಫಕೀರವ್ವ ಕೂತಿದ್ದಳು.